‘ಯಾರ ಕೈಲಿ’ ಅನ್ನೋ ಕಾಲಂ

ರಾತ್ರಿ ಒಂದೂವರೆ ಗಂಟೆ. ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಪಾರ್ಕಿಂಗ್ ಜಾಗದಲ್ಲಿ ಬೋರ್‌ವೆಲ್ ಲಾರಿ ಗುಡುಗುತ್ತಿತ್ತು. ಇರೋದು 24 ಮನೆ. ಮುಕ್ಕಾಲು ಪಾಲು ಜನ ಕೆಳಗೇ ನಿಂತಿದ್ದೆವು. ನೈಟಿ ಮೇಲೆ ಟವೆಲ್ ಹೊದ್ದವರು, ಲುಂಗಿ ಎತ್ತಿ ಕಟ್ಟಿದವರು, ಗಲಾಟೆಗೆ ನಿದ್ದೆ ಹೋಗಿ ಎದ್ದು ಬಂದ ಮಕ್ಕಳು. ಸಾಯಂಕಾಲ ನೀರಿನ ಪಾಯಿಂಟ್ ನೋಡೋರು ಬಂದು, ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಕಾಂಪೌಂಡೆಲ್ಲಾ ಓಡಾಡಿದ್ದರು. ಒಂದು ಕಡೆ ಕಾಯಿ ಎದ್ದು ನಿಂತಿತು. ಅಲ್ಲೇ ಕೊರೆಯೋದು ಅಂತ ತೀರ್ಮಾನವಾಯಿತು.

400 ಅಡಿ, ಬರೀ ಧೂಳು. 700 ಅಡಿಗೆ ಧೂಳಿನ ಬಣ್ಣ ಬದಲಾಯಿತು, ಎಲ್ಲರೂ ಮೊಬೈಲ್ ಟಾರ್ಚ್ ಹಿಡಿದು ಬಗ್ಗಿದೆವು. ಒಂದು ಬಕೆಟ್ ಆಗುವಷ್ಟು ಕೆಸರು ಬಂತು, ಅಷ್ಟೇ. 1,100 ಅಡಿಗೆ ಸೆಕ್ರೆಟರಿ ಕೈ ಎತ್ತಿ ನಿಲ್ಲಿಸಿ ಅಂದರು. ಬೂದಿ ಬಣ್ಣದ ಪುಡಿ ಎಲ್ಲರ ತಲೆ ಮೇಲೂ ಕೂತಿತ್ತು. ಎಲ್ಲರಿಗೂ ಒಂದೇ ರಾತ್ರಿಯಲ್ಲಿ ವಯಸ್ಸಾದ ಹಾಗೆ.

ಇದು 2024ರ ಮಾರ್ಚ್. ಆ ಬೇಸಿಗೆ ಬೆಂಗಳೂರಲ್ಲಿ ಇದ್ದವರಿಗೆ ಬೇರೆ ವಿವರ ಬೇಕಿಲ್ಲ. ನಗರದ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಅರ್ಧದಷ್ಟು ಬತ್ತಿವೆ ಅಂತ ಸರ್ಕಾರವೇ ಹೇಳಿತ್ತು. ಉತ್ತರಹಳ್ಳಿ ಕಡೆಯ ನಮ್ಮ ಅಪಾರ್ಟ್‌ಮೆಂಟಿಗೆ ಕಾವೇರಿ ನೀರು ಇದೆ, ಆದರೆ ವಾರಕ್ಕೆ ಎರಡು ದಿನ. ಉಳಿದಿದ್ದೆಲ್ಲ ಬೋರ್‌ವೆಲ್ ನಂಬಿಕೊಂಡು ನಡೆಯುತ್ತಿತ್ತು. ಅದು ಫೆಬ್ರವರಿಯಲ್ಲೇ ಕೈ ಕೊಟ್ಟಿತ್ತು. ಹೊಸದಾಗಿ ಎರಡು ಕಡೆ ಕೊರೆಸಿದೆವು. ಮನೆಗೆ 25,000 ರೂಪಾಯಿ. ಎರಡನೆಯದರಲ್ಲಿ ಒಂದಿಷ್ಟು ನೀರು ಬಂತು, ಅದೂ ಮಳೆ ಹಿಡಿದ ಮೇಲೆ.

ಅಲ್ಲಿಯವರೆಗೆ ಟ್ಯಾಂಕರ್. ದಿನಕ್ಕೆ ಎರಡು. 700 ರೂಪಾಯಿಗೆ ಬರುತ್ತಿದ್ದ ಟ್ಯಾಂಕರ್ 1,800 ಆಯಿತು. ಸರ್ಕಾರ ದರ ನಿಗದಿ ಮಾಡಿತು, 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ ಅಂತ. ಆ ಪೇಪರ್ ಕಟಿಂಗ್ ತೋರಿಸಿದರೆ ಟ್ಯಾಂಕರಿನವರು, ‘ಆ ರೇಟಿಗೆ ನೀರಿಲ್ಲ ಮೇಡಂ, ಪೇಪರ್ ಇದೆ, ಬೇಕಾ?’ ಅಂದರು. ಸಿಟ್ಟು ಬಂದರೂ ನಗುವೂ ಬಂತು. ತಿಂಗಳಿಗೆ 60 ಟ್ಯಾಂಕರ್, 1,08,000 ರೂಪಾಯಿ. ಮನೆಗೆ 4,500.

ಸಂಬಳ ಬರುವ ಮನೆಗೆ ಇದು ಬೈದುಕೊಂಡು ಕಟ್ಟುವ ದುಡ್ಡು. ನಮಗೆ ಹಾಗಲ್ಲ. ನಾವು ಆರು ವರ್ಷದ ಹಿಂದೆಯೇ ಕೆಲಸ ಬಿಟ್ಟವರು.

2018ರಲ್ಲಿ ಬಿಟ್ಟೆವು. ನನಗೆ 46, ನಮ್ಮೆಜಮಾನರಿಗೆ 49. ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದೆ. ಅವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ. ಉತ್ತರಹಳ್ಳಿಯಿಂದ ಪೀಣ್ಯಕ್ಕೆ ಹೋಗಿ ಬರೋದು ಅಂದರೆ ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲೋ ಬೈಕಿನಲ್ಲೋ ಕಳೆಯೋದು. ‘ನನ್ನ ಆಯಸ್ಸಿನಲ್ಲಿ ನಾಲ್ಕು ವರ್ಷ ನೈಸ್ ರೋಡಿನ ಕೆಳಗೇ ಹೋಯ್ತು ಕಣೇ’ ಅಂತ ಅವರೊಂದು ದಿನ ಲೆಕ್ಕ ಹಾಕಿ ಹೇಳಿದರು. ಲೆಕ್ಕ ಸರಿಯೋ ತಪ್ಪೋ, ಮಾತು ಮನಸ್ಸಿಗೆ ನಾಟಿತು. ಮನೆ ಸಾಲ ತೀರಿತ್ತು. ಮಗಳ ಓದಿನ ದುಡ್ಡು ಬೇರೆ ಎತ್ತಿಟ್ಟಿದ್ದೆವು. ತಿಂಗಳ ಖರ್ಚು 48,000. ವರ್ಷದ ಖರ್ಚಿನ 33 ಪಟ್ಟು, ಅಂದರೆ ಒಂದು ಕೋಟಿ ತೊಂಬತ್ತು ಲಕ್ಷ, ಕೈಯಲ್ಲಿತ್ತು. ಸಾಕು ಅನ್ನಿಸಿತು.

ಲೆಕ್ಕ ಹಾಕದೇ ಬಿಟ್ಟವರಲ್ಲ ನಾವು. ಎಕ್ಸೆಲ್ ಶೀಟಿನಲ್ಲಿ ಪ್ರತಿ ವರ್ಷ 6% ಬೆಲೆ ಏರಿಕೆ ಹಾಕಿ, ಮೌಸ್ ಹಿಡಿದು ಕೆಳಗೆ ಎಳೆದಿದ್ದೆ. 40 ವರ್ಷಕ್ಕೆ 48,000 ಅನ್ನೋದು 4,94,000 ಆಗಿತ್ತು. ತಿಂಗಳಿಗೆ! 6ರ ಬದಲು 7 ಹಾಕಿ ನೋಡಿದೆ. 7,19,000. ಒಂದೇ ಒಂದು ಪರ್ಸೆಂಟಿಗೆ ಇಷ್ಟು ವ್ಯತ್ಯಾಸ. ಆಗಲೇ ಸ್ವಲ್ಪ ಹೆದರಬೇಕಿತ್ತು. ಆದರೆ ಎಕ್ಸೆಲ್ ಗೆರೆ ತುಂಬಾ ನಯವಾಗಿ ಮೇಲೇರುತ್ತಿತ್ತು. ಅದನ್ನು ನೋಡಿದರೆ ಧೈರ್ಯವೇ ಬರುತ್ತಿತ್ತು.

ಬೋರ್‌ವೆಲ್ ಧೂಳು ತೊಳೆದುಕೊಂಡು ಮಲಗಿದ ಆ ರಾತ್ರಿ ಹೊಳೆದಿದ್ದು ಇಷ್ಟು. ನನ್ನ ಶೀಟಿನಲ್ಲಿ ಬೆಲೆ ಇಳಿಜಾರಿನಲ್ಲಿ ಹತ್ತುತ್ತಿತ್ತು. ನಿಜವಾದ ಬೆಲೆ ಮೆಟ್ಟಿಲು ಹತ್ತುತ್ತೆ. ಎಷ್ಟೋ ವರ್ಷ ಒಂದೇ ಮೆಟ್ಟಿಲ ಮೇಲೆ ಕೂತಿರುತ್ತೆ. ಆಮೇಲೆ ಒಂದು ದಿನ ಎರಡೆರಡು ಮೆಟ್ಟಿಲು ಹಾರುತ್ತೆ.

ಇದಕ್ಕೆ 2025ಕ್ಕಿಂತ ಒಳ್ಳೆ ಸಾಕ್ಷಿ ಬೇಡ. ಜನವರಿಯಲ್ಲಿ ಬಸ್ ದರ 15% ಏರಿತು. ನನಗೆ ಶಕ್ತಿ ಯೋಜನೆ ಇದೆ, ಆಧಾರ್ ತೋರಿಸಿ ಕೂತುಕೊಳ್ಳುತ್ತೇನೆ, ಪಕ್ಕದಲ್ಲಿ ನಮ್ಮೆಜಮಾನರು ಮುಖ ಸಣ್ಣ ಮಾಡಿಕೊಂಡು ಟಿಕೆಟ್ ತಗೊಳ್ಳುತ್ತಾರೆ. ಫೆಬ್ರವರಿಯಲ್ಲಿ ಮೆಟ್ರೊ. 2017ರಿಂದ ಮುಟ್ಟದೇ ಇದ್ದ ದರವನ್ನು ಒಂದೇ ಸಲ ಏರಿಸಿ, ಅತಿ ಜಾಸ್ತಿ ಟಿಕೆಟ್ 60ರಿಂದ 90 ರೂಪಾಯಿ ಮಾಡಿದರು. ಜನ ಕೂಗಾಡಿದ ಮೇಲೆ ಅಲ್ಲಲ್ಲಿ ಒಂದಿಷ್ಟು ಇಳಿಸಿದರು. ಏಪ್ರಿಲ್‌ನಲ್ಲಿ ಕಾವೇರಿ ನೀರಿನ ದರ. ಅದು 2014ರಿಂದ ಹಾಗೇ ಇತ್ತು. ಅದೇ ತಿಂಗಳು ನಂದಿನಿ ಹಾಲು ಲೀಟರಿಗೆ 4 ರೂಪಾಯಿ. ಹಿಂದಿನ ವರ್ಷ 2 ರೂಪಾಯಿ ಏರಿಸುವಾಗ 50 ಮಿಲಿ ಲೀಟರ್ ಜಾಸ್ತಿ ಕೊಟ್ಟಿದ್ದರಲ್ಲ, ಅದನ್ನೂ ವಾಪಸ್ ತಗೊಂಡರು. ಆಸ್ತಿ ತೆರಿಗೆ ಜೊತೆಗೆ ಕಸದ ಶುಲ್ಕವೂ ಅದೇ ಏಪ್ರಿಲ್‌ನಲ್ಲಿ ಸೇರಿಕೊಂಡಿತು. ಆಗಸ್ಟ್‌ನಲ್ಲಿ ಆಟೊ ಮಿನಿಮಮ್ 30ರಿಂದ 36 ಆಯಿತು. ಮೀಟರ್ ಹಾಕುವ ಆಟೊ ಸಿಕ್ಕರೆ ಅನ್ನಿ.

ಇಷ್ಟೆಲ್ಲಾ ಆದ ಅದೇ ವರ್ಷದ ನವೆಂಬರ್‌ನಲ್ಲಿ ಒಂದು ದಿನ ನಮ್ಮೆಜಮಾನರು ಪೇಪರ್ ಓದುತ್ತಾ, ‘ಅಕ್ಟೋಬರ್‌ನಲ್ಲಿ ಬೆಲೆ ಏರಿಕೆ ಎಷ್ಟಂತೆ ಗೊತ್ತಾ? 0.25%’ ಅಂದರು. ನಾನು ಕಾಫಿ ಪುಡಿ ಡಬ್ಬ ತೊಳೆಯುತ್ತಿದ್ದೆ. ಡಬ್ಬ ಅವರ ಕಡೆ ತಿರುಗಿಸಿ ತೋರಿಸಿದೆ.

ಸರ್ಕಾರದ ಅಂಕಿ ಸುಳ್ಳು ಅಂತ ಹೇಳುತ್ತಿಲ್ಲ. ಬೆಲೆ ಏರಿಕೆ ಅಳೆಯುವ ಆ ಸೂಚ್ಯಂಕದಲ್ಲಿ 2025ರಲ್ಲಿ ಆಹಾರದ ಪಾಲು ಸುಮಾರು 46% ಇತ್ತು. ಆಗ ತರಕಾರಿ ಬೆಲೆ ಹಿಂದಿನ ವರ್ಷಕ್ಕಿಂತ ತುಂಬಾ ಕೆಳಗಿತ್ತು, ಹಾಗಾಗಿ ಇಡೀ ಸಂಖ್ಯೆ ನೆಲಕ್ಕೆ ಬಿತ್ತು. ಲೆಕ್ಕ ಸರಿಯೇ. ಆದರೆ ಅವರು ಲೆಕ್ಕಕ್ಕೆ ಹಿಡಿಯುವ ಸಾಮಾನಿನ ಬುಟ್ಟಿ ನಮ್ಮ ಮನೆ ಬುಟ್ಟಿ ಅಲ್ಲ. 2025ಕ್ಕೆ ತಿಂಗಳಿಗೆ 76,000 ಆಗಿದ್ದ ನಮ್ಮ ಖರ್ಚಿನಲ್ಲಿ ತರಕಾರಿ 4,000. ಟೊಮೆಟೊ ಪುಕ್ಕಟೆ ಕೊಟ್ಟರೂ ನಮ್ಮ ತಿಂಗಳು ಅಷ್ಟೇನೂ ಬದಲಾಗಲ್ಲ. ತರಕಾರಿ ಬಿಟ್ಟು ಎಷ್ಟಿದೆ ನೋಡಿ: ಮೇಂಟೆನೆನ್ಸ್, ಆರೋಗ್ಯ ವಿಮೆ, ಅತ್ತೆಯ ಔಷಧಿ, ಮತ್ತೆ ಈ ಕಾಫಿ ಪುಡಿ.

ಕಾಫಿ ಪುಡಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಪ್ಪತ್ತು ವರ್ಷದಿಂದ ಒಂದೇ ಅಂಗಡಿ. ಹುರಿದ ಬೀಜ ನಮ್ಮ ಎದುರೇ ಮಿಷಿನ್ನಿಗೆ ಹಾಕಿ ಪುಡಿ ಮಾಡುತ್ತಾರೆ. ಬಿಸಿ ಪುಡಿ ಕವರಿಗೆ ಬೀಳುವಾಗ ರಸ್ತೆಯಲ್ಲಿ ಹೋಗುವವರೂ ತಿರುಗಿ ನೋಡುತ್ತಾರೆ. ‘ಎಂಬತ್ತು-ಇಪ್ಪತ್ತು, ಅರ್ಧ ಕೆಜಿ’ ಅಂದರೆ ಮುಗೀತು, ಬೇರೆ ಮಾತಿಲ್ಲ. ಎಂಬತ್ತು ಕಾಫಿ, ಇಪ್ಪತ್ತು ಚಿಕೋರಿ. 2021ರಲ್ಲಿ ಕೆಜಿಗೆ 560 ಇತ್ತು. 2025ರಲ್ಲಿ ಸಾವಿರ ದಾಟಿತು. ದೇಶದ ಕಾಫಿಯಲ್ಲಿ ಸುಮಾರು 70% ಬೆಳೆಯೋದು ನಮ್ಮ ರಾಜ್ಯದಲ್ಲೇ, ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ. ಬೆಲೆ ಕಟ್ಟೋದು ಮಾತ್ರ ಲಂಡನ್ ಮತ್ತು ನ್ಯೂಯಾರ್ಕ್ ಪೇಟೆಯಲ್ಲಿ. ಬ್ರೆಜಿಲ್ ಮತ್ತು ವಿಯೆಟ್ನಾಂನಲ್ಲಿ ಮಳೆ ಕೈ ಕೊಟ್ಟಿತು, ಉತ್ತರಹಳ್ಳಿಯಲ್ಲಿ ನನ್ನ ಫಿಲ್ಟರ್ ತೆಳ್ಳಗಾಯಿತು.

ನಾನು ಜಾಣತನ ಮಾಡಿದೆ. ‘ಎಪ್ಪತ್ತು-ಮೂವತ್ತು ಮಾಡಿ’ ಅಂದೆ. ಅಂಗಡಿಯವರು ಒಂದು ಕ್ಷಣ ನನ್ನ ಮುಖ ನೋಡಿದರು, ಏನೂ ಕೇಳಲಿಲ್ಲ. ಮಾರನೇ ದಿನ ಬೆಳಿಗ್ಗೆ ಅತ್ತೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

‘ಏನಮ್ಮ ಇದು?’

‘ಕಾಫಿ ಅತ್ತೆ.’

‘ಬಣ್ಣ ಬಂದಿದೆ. ಕಾಫಿ ಎಲ್ಲಿ?’

ಅತ್ತೆಗೆ 78. ತಿಪಟೂರು ಕಡೆಯವರು. ಮಾವ ಸರ್ಕಾರಿ ಕೆಲಸದಲ್ಲಿದ್ದರು, ತೀರಿಕೊಂಡು ಹನ್ನೊಂದು ವರ್ಷ. ಅತ್ತೆಗೆ ಕುಟುಂಬ ಪಿಂಚಣಿ ಬರುತ್ತೆ. ಅದಕ್ಕೆ ತುಟ್ಟಿಭತ್ಯೆ ಸೇರುತ್ತೆ. ಜನವರಿಗೊಂದು ಸಲ, ಜುಲೈಗೊಂದು ಸಲ ಲೆಕ್ಕವಾಗಿ, ಆದೇಶ ತಡವಾದರೆ ಬಾಕಿಯೂ ಸೇರಿಕೊಂಡು ಬರುತ್ತೆ. 2024ರ ಆಗಸ್ಟ್‌ನಲ್ಲಿ ಏಳನೇ ವೇತನ ಆಯೋಗ ಜಾರಿಯಾದಾಗ ಪಿಂಚಣಿಯೂ ಏರಿತು. ಈ ಮನೆಯಲ್ಲಿ ಬೆಲೆ ಏರಿಕೆಗೆ ಹೆದರದ ವ್ಯಕ್ತಿ ಇದ್ದರೆ ಅತ್ತೆ ಒಬ್ಬರೇ. ಬ್ಯಾಂಕಿನಿಂದ ಎಸ್‌ಎಂಎಸ್ ಬಂದಾಗ ಕನ್ನಡಕ ಹುಡುಕಿ, ನಿಧಾನಕ್ಕೆ ಓದಿ, ‘ಏರಿದೆ ಕಣೋ’ ಅಂತ ಮಗನಿಗೆ ಹೇಳುತ್ತಾರೆ. ಮಗನ ಮುಖ ಆಗ ನೋಡಬೇಕು.

ಬೇಗ ನಿವೃತ್ತರಾದವರು ಯಾರ ಲೆಕ್ಕಕ್ಕೂ ಸೇರದ ಜನ. ಇದು ನನಗೆ ನಿಧಾನವಾಗಿ ಅರ್ಥವಾಯಿತು. ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ, 2025ರಲ್ಲಿ 8.2% ಬಡ್ಡಿ, 30 ಲಕ್ಷದವರೆಗೆ ಹಾಕಬಹುದು. ನಮ್ಮಂಥವರಿಗಾದರೆ 60 ಆಗಿರಬೇಕು. ಬ್ಯಾಂಕಿನಲ್ಲಿ ಎಫ್‌ಡಿಗೆ ಅರ್ಧ ಪರ್ಸೆಂಟ್ ಜಾಸ್ತಿ ಕೊಡುತ್ತಾರೆ. 60 ಆಗಿರಬೇಕು. ಆರೋಗ್ಯ ವಿಮೆ ಪ್ರೀಮಿಯಂ ವರ್ಷಕ್ಕೆ 10%ಗಿಂತ ಜಾಸ್ತಿ ಏರಿಸಬೇಕಾದರೆ ಮೊದಲು ನಮ್ಮನ್ನು ಕೇಳಿ ಅಂತ ವಿಮಾ ನಿಯಂತ್ರಕರು 2025ರ ಜನವರಿಯಲ್ಲಿ ಕಂಪನಿಗಳಿಗೆ ಹೇಳಿದರು. ಅದೂ 60 ದಾಟಿದವರಿಗೆ. ನೌಕರಿಯಲ್ಲಿ ಇರೋರಿಗೆ ಇಂಕ್ರಿಮೆಂಟ್ ಇದೆ, ಅತ್ತೆಗೆ ತುಟ್ಟಿಭತ್ಯೆ ಇದೆ. ಮಧ್ಯದಲ್ಲಿ ನಾವಿಬ್ಬರು. ಪಿಎಫ್ ಜೊತೆಗಿರುವ ಇಪಿಎಸ್ ಪಿಂಚಣಿ ಪೂರ್ತಿ ಬರೋದು 58ಕ್ಕೆ. 50ಕ್ಕೇ ಬೇಕು ಅಂದರೆ ಪ್ರತಿ ವರ್ಷಕ್ಕೆ 4% ಕಡಿತ. ಅದಕ್ಕೂ ತುಟ್ಟಿಭತ್ಯೆ ಇಲ್ಲ.

ಬೆಲೆ ಏರಿಕೆಗೆ ತಕ್ಕ ಹಾಗೆ ಬಡ್ಡಿ ಏರುವ ಬಾಂಡ್ ಇದ್ದಿದ್ದರೆ ಚೆನ್ನಾಗಿತ್ತು, ಅಲ್ವಾ? ಒಮ್ಮೆ ಇತ್ತು. 2013ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಅಂಥದ್ದೊಂದು ತಂದಿತ್ತು, ಬೆಲೆ ಏರಿಕೆಯ ಮೇಲೆ ಒಂದೂವರೆ ಪರ್ಸೆಂಟ್. ತಗೊಳ್ಳೋರೇ ಕಡಿಮೆ ಇದ್ದರು. ಆಗ ನಾನೂ ತಗೊಳ್ಳಲಿಲ್ಲ. ‘ಎಫ್‌ಡಿಯಲ್ಲೇ 9% ಬರುತ್ತೆ, ಇದ್ಯಾಕೆ’ ಅಂದಿದ್ದು ನೆನಪಿದೆ. ಬುದ್ಧಿ!

2024ರ ಮಳೆಗಾಲದಲ್ಲಿ, ಟ್ಯಾಂಕರ್ ನಿಂತ ಮೇಲೆ, ಹಳೇ ಲೆಕ್ಕವನ್ನೆಲ್ಲಾ ತೆಗೆದು ಕೂತೆ. ಎಲ್ಲರೂ ಖರ್ಚನ್ನು ಬೇಕೇ ಬೇಕಾದ್ದು, ಬೇಡದ್ದು ಅಂತ ಎರಡು ಮಾಡುತ್ತಾರೆ. ಅದರಿಂದ ನನಗೆ ಏನೂ ತಿಳಿಯಲಿಲ್ಲ. ಕಾಫಿ ಬೇಕೇ ಬೇಕಾ? ಅತ್ತೆಯನ್ನು ಕೇಳಿದರೆ ಔಷಧಿಗಿಂತ ಮೊದಲು ಬೇಕು ಅನ್ನುತ್ತಾರೆ. ಹಾಗಾಗಿ ಬೇರೆ ಒಂದು ಕಾಲಂ ಹಾಕಿದೆ. ಅದರ ತಲೆಯ ಮೇಲೆ ‘ಯಾರ ಕೈಲಿ’ ಅಂತ ಬರೆದೆ. ಈ ಖರ್ಚು ಏರುತ್ತೋ ಇಳಿಯುತ್ತೋ ತೀರ್ಮಾನ ಮಾಡೋದು ಯಾರು? ಹೋಟೆಲ್, ಬಟ್ಟೆ, ಪ್ರವಾಸ: ನಮ್ಮ ಕೈಲಿ. ಮೇಂಟೆನೆನ್ಸ್: ಅಸೋಸಿಯೇಷನ್ ಕೈಲಿ. ನೀರು, ಆಸ್ತಿ ತೆರಿಗೆ, ಕಸ: ಸರ್ಕಾರದ ಕೈಲಿ. ವಿಮೆ: ಕಂಪನಿ ಮತ್ತು ನಮ್ಮ ವಯಸ್ಸಿನ ಕೈಲಿ. ಕಾಫಿ ಪುಡಿ ಮುಂದೆ ‘ಬ್ರೆಜಿಲ್ ಮಳೆ’ ಅಂತ ಬರೆದೆ.

ಅಂದಿನಿಂದ ತಿಂಗಳು ತಿಂಗಳೂ ಆ ಕಾಲಂ ತುಂಬುತ್ತಿದ್ದೇನೆ. ಹಳೇ ವರ್ಷಗಳದ್ದೂ ತುಂಬಿದೆ. 2018ರ 48,000ದಲ್ಲಿ ಬೇರೆಯವರ ಕೈಲಿದ್ದಿದ್ದು 17,000. ನಮ್ಮ ಕೈಲಿ 31,000. 2025ರ 76,000ದಲ್ಲಿ ಬೇರೆಯವರ ಕೈಲಿ 43,000. ನಮ್ಮ ಕೈಲಿ 33,000.

ಈ ನಾಲ್ಕು ಸಂಖ್ಯೆ ಮುಂದೆ ತುಂಬಾ ಹೊತ್ತು ಕೂತಿದ್ದೆ. ಒಟ್ಟು ಮೊತ್ತ ನೋಡಿದರೆ ಗಾಬರಿ ಏನಿಲ್ಲ. 48,000ಕ್ಕೆ ಏಳು ವರ್ಷ 6% ಹಾಕಿದರೆ 72,000 ಚಿಲ್ಲರೆ ಆಗಬೇಕಿತ್ತು, 76,000 ಆಗಿದೆ. ಎಕ್ಸೆಲ್ ಅಷ್ಟೇನೂ ತಪ್ಪು ಹೇಳಿರಲಿಲ್ಲ. ಆದರೆ ಒಟ್ಟು ಹದ್ದುಬಸ್ತಿನಲ್ಲಿ ಇದ್ದಿದ್ದು ಹೇಗೆ? ನಾವು ನಮಗೇ ಗೊತ್ತಿಲ್ಲದ ಹಾಗೆ ಕೈ ಬಿಗಿ ಹಿಡಿದಿದ್ದೆವು. ಏಳು ವರ್ಷದಲ್ಲಿ ನಮ್ಮ ಕೈಲಿದ್ದ ಖರ್ಚು 2,000 ಮಾತ್ರ ಏರಿತ್ತು. ವರ್ಷಕ್ಕೊಂದು ದೂರದ ಪ್ರವಾಸ ಅಂದುಕೊಂಡಿದ್ದು ಶೃಂಗೇರಿ, ಹೊರನಾಡಿಗೆ ಬಂದು ನಿಂತಿತ್ತು. ಭಾನುವಾರದ ಮಸಾಲೆ ದೋಸೆ ತಿಂಗಳಿಗೊಮ್ಮೆ ಆಗಿತ್ತು. ಯಾರೂ ‘ಇನ್ಮೇಲೆ ಬೇಡ’ ಅಂದಿರಲಿಲ್ಲ. ಸುಮ್ನೆ ನಿಂತುಹೋಗಿತ್ತು. ಕೆಲಸ ಬಿಟ್ಟಿದ್ದು ಯಾವುದಕ್ಕೋ, ಆ ಭಾಗವೇ ಸವೆದಿತ್ತು.

ಭಯ ಹುಟ್ಟಿಸಿದ್ದು ಇನ್ನೊಂದು. ಮುಂದೆ ದೊಡ್ಡ ಏಟು ಬಿದ್ದರೆ ಕಡಿಮೆ ಮಾಡೋಕೆ ಉಳಿದಿರೋದು ಎಷ್ಟು? ಷೇರುಪೇಟೆ ಬಿದ್ದ ವರ್ಷ ಖರ್ಚು ಕಡಿಮೆ ಮಾಡಿದರಾಯಿತು ಅಂತ ಎಲ್ಲರೂ ಸಲಹೆ ಕೊಡುತ್ತಾರೆ. ಯಾವುದನ್ನು? ಲಿಫ್ಟ್ ರಿಪೇರಿಯನ್ನಾ?

ಬೇಗ ನಿವೃತ್ತಿ ಬಗ್ಗೆ ಓದುವವರಿಗೆಲ್ಲ 4% ಲೆಕ್ಕ ಗೊತ್ತಿರುತ್ತೆ. ವಿಲಿಯಂ ಬೆಂಗೆನ್ ಅನ್ನೋ ಅಮೆರಿಕದ ಹಣಕಾಸು ಸಲಹೆಗಾರರು 1994ರಲ್ಲಿ ಹೇಳಿದ್ದು. ಮೊದಲ ವರ್ಷ ಗಂಟಿನ 4% ತೆಗೆಯಿರಿ, ಆಮೇಲೆ ಪ್ರತಿ ವರ್ಷ ಬೆಲೆ ಏರಿದಷ್ಟು ಏರಿಸುತ್ತಾ ಹೋಗಿ, 30 ವರ್ಷ ಬರುತ್ತೆ ಅಂತ. ಅದು ಅಮೆರಿಕದ ಲೆಕ್ಕ, ನಮಗೆ ಹಾಗೇ ಹೊಂದಲ್ಲ. ಅದರಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಬೇರೆ ವಿಷಯ. ಅಲ್ಲಿ ಅತಿ ಕಷ್ಟಕ್ಕೆ ಸಿಕ್ಕವರು ಯಾರು? 1929ರ ಮಹಾ ಕುಸಿತಕ್ಕೆ ಮುಂಚೆ ನಿವೃತ್ತರಾದವರು ಅಂದುಕೊಂಡಿದ್ದೆ. ಅಲ್ಲ. 1960ರ ದಶಕದ ಕೊನೆಯಲ್ಲಿ ನಿವೃತ್ತರಾದವರು. 1929ರವರಿಗೆ ಷೇರು ಬಿದ್ದರೂ ಸಾಮಾನಿನ ಬೆಲೆಯೂ ಇಳಿಯಿತು. ಇವರಿಗೆ 1970ರ ದಶಕದ ಬೆಲೆ ಏರಿಕೆ ಎದುರಾಯಿತು, 1973ರ ತೈಲ ಬಿಕ್ಕಟ್ಟು ಎಲ್ಲ. ಬಿದ್ದ ಪೇಟೆ ಮತ್ತೆ ಏಳುತ್ತೆ. ಏರಿದ ಹಾಲಿನ ದರ ಇಳಿದಿದ್ದನ್ನು ನಾನಂತೂ ಲೆಕ್ಕಕ್ಕೆ ಸಿಗುವಷ್ಟು ಸಲ ನೋಡಿಲ್ಲ.

ಅದಕ್ಕೇ ನಮ್ಮ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. 2020ರ ಮಾರ್ಚ್‌ನಲ್ಲಿ ಪೇಟೆ ಪಾತಾಳಕ್ಕೆ ಬಿದ್ದಾಗ ಹೆದರಿ ಮ್ಯೂಚುವಲ್ ಫಂಡಿನ ಕಾಲು ಭಾಗ ಮಾರಿ ಎಫ್‌ಡಿಗೆ ಹಾಕಿದೆವು. ‘ಅಸಲಾದರೂ ಉಳಿಯಲಿ’ ಅಂತ. ಅಸಲು ಉಳಿದಿದೆ, ಪೈಸೆ ಪೈಸೆ ಹಾಗೇ ಇದೆ. ಅದೇ ಅದರ ದೋಷ. 2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, 6.5ರಿಂದ 5.25ಕ್ಕೆ ಇಳಿಸಿತು. ಏಳರ ಮೇಲಿದ್ದ ನಮ್ಮ ಎಫ್‌ಡಿ ರಿನ್ಯೂ ಮಾಡುವಾಗ ಆರು ಚಿಲ್ಲರೆಗೆ ಬಂತು. ಕೌಂಟರಿನಲ್ಲಿದ್ದ ಹುಡುಗಿ, ‘ಸೀನಿಯರ್ ಸಿಟಿಜನ್ನಾ ಆಂಟಿ?’ ಅಂದಳು. ಇನ್ನೂ ಏಳು ವರ್ಷ ಇದೆಯಮ್ಮ ಅಂದೆ. ಬಡ್ಡಿಗೋಸ್ಕರ ಬೇಗ ವಯಸ್ಸಾಗಲಿ ಅಂತ ಕಾಯುವ ಪರಿಸ್ಥಿತಿ.

ವಿಮೆಯ ಕಥೆ ಇನ್ನೂ ಚೆಂದ. ಇಬ್ಬರಿಗೂ ಸೇರಿ 10 ಲಕ್ಷದ ಫ್ಲೋಟರ್. ಮನೆಯಲ್ಲಿ ದೊಡ್ಡವರ ವಯಸ್ಸು ನೋಡಿ ಪ್ರೀಮಿಯಂ ಕಟ್ಟುತ್ತಾರೆ. ವಯಸ್ಸಿಗೂ ಮೆಟ್ಟಿಲು ಇವೆ, 46ರಿಂದ 50, 51ರಿಂದ 55 ಹೀಗೆ. 2018ರಲ್ಲಿ 22,000 ಇತ್ತು. 2024ಕ್ಕೆ 47,000. ನಾವು ಒಂದು ದಿನವೂ ಆಸ್ಪತ್ರೆಯಲ್ಲಿ ಮಲಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆ ಮೇಲಿನ 18% ಜಿಎಸ್‌ಟಿ ಪೂರ್ತಿ ತೆಗೆದಾಗ ಮನೆಯಲ್ಲಿ ಹಬ್ಬ. 47,000 ಅನ್ನೋದು 40,000ದ ಹತ್ತಿರ ಬರಬೇಕು ಅಂತ ಕಾದೆವು. ನವೆಂಬರ್‌ನಲ್ಲಿ ರಿನ್ಯೂವಲ್ ಬಂತು, 44,000. ಮೂಲ ಪ್ರೀಮಿಯಮ್ಮೇ 10% ಏರಿತ್ತು. ಫೋನ್ ಮಾಡಿದರೆ ‘ವೈದ್ಯಕೀಯ ವೆಚ್ಚ ಏರಿದೆ ಸರ್’ ಅಂದರು. ನಾನು ಸರ್ ಅಲ್ಲ ಅಂದೆ. ಅದಕ್ಕೂ ಕ್ಷಮೆ ಕೇಳಿದರು, ಪ್ರೀಮಿಯಂ ಮಾತ್ರ ಇಳಿಯಲಿಲ್ಲ.

ಬಿಟ್ಟುಬಿಡೋಣ ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೆ ಹಳೇ ಪಾಲಿಸಿಯ ಬೆಲೆ ಇರೋದು ಅದರ ವಯಸ್ಸಿನಲ್ಲಿ. ಐದು ವರ್ಷ ಬಿಡದೆ ಕಟ್ಟಿದ್ದರೆ, ಮೋಸ ಮಾಡಿದ್ದು ಸಾಬೀತಾದ ಹೊರತು, ‘ನೀವು ಆ ಕಾಯಿಲೆ ಹೇಳಿರಲಿಲ್ಲ’ ಅಂತ ಕ್ಲೇಮ್ ತಳ್ಳಿಹಾಕುವ ಹಾಗಿಲ್ಲ. ಹಾಗಾಗಿ ಅದನ್ನು ಮುಟ್ಟಲಿಲ್ಲ, ದೊಡ್ಡದೂ ಮಾಡಲಿಲ್ಲ. ಮೇಲೊಂದು ಸೂಪರ್ ಟಾಪ್-ಅಪ್ ತಗೊಂಡೆವು. ವರ್ಷದ ಆಸ್ಪತ್ರೆ ಖರ್ಚು 10 ಲಕ್ಷ ದಾಟಿದ ಮೇಲಷ್ಟೇ ಅದು ಕೈ ಹಿಡಿಯುತ್ತೆ. ಅದಕ್ಕೇ ಅದರ ಪ್ರೀಮಿಯಂ ತುಂಬಾ ಕಡಿಮೆ.

ಮೆಟ್ಟಿಲು ಹಾರುವ ಬೆಲೆಗೆ ಅಂತಲೇ ಒಂದು ಗಂಟು ಬೇರೆ ಮಾಡಿದ್ದೇವೆ. 6 ಲಕ್ಷ. ನಮ್ಮೆಜಮಾನರು ಅದಕ್ಕೆ ‘ಏಟಿನ ಡಬ್ಬಿ’ ಅಂತ ಹೆಸರಿಟ್ಟಿದ್ದಾರೆ. ಬೋರ್‌ವೆಲ್, ಅಪಾರ್ಟ್‌ಮೆಂಟಿಗೆ ಬಣ್ಣ, ಹಲ್ಲು, ಫ್ರಿಜ್ಜು, ಪ್ರೀಮಿಯಂ ಹಾರಿದಾಗ ಆ ವರ್ಷದ ವ್ಯತ್ಯಾಸ, ಎಲ್ಲ ಇದರಿಂದ. ಕಾಯಿಲೆಗೆ ಇಟ್ಟ ಆಪತ್ಕಾಲದ ದುಡ್ಡು ಬೇರೆ, ಅದನ್ನು ಇದಕ್ಕೆ ಬೆರೆಸಲ್ಲ. ಪೇಟೆ ಚೆನ್ನಾಗಿದ್ದ ವರ್ಷ ಮ್ಯೂಚುವಲ್ ಫಂಡಿನಿಂದ ಸ್ವಲ್ಪ ತೆಗೆದು ಡಬ್ಬಿ ತುಂಬುತ್ತೇವೆ. ಬಿದ್ದ ವರ್ಷ ತುಂಬಲ್ಲ. ಮೂರು ವರ್ಷದ ಮನೆ ಖರ್ಚು ಎಫ್‌ಡಿಯಲ್ಲಿದೆ. ಉಳಿದಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ, ಷೇರುಪೇಟೆ ಸೂಚ್ಯಂಕದ ಜೊತೆಗೇ ಏರಿಳಿಯುವ ಇಂಡೆಕ್ಸ್ ಫಂಡಿಗೆ ವಾಪಸ್ ಹೋಗಿದೆ, ಸ್ವಲ್ಪ ಸ್ವಲ್ಪವಾಗಿ, ಎರಡು ವರ್ಷದಲ್ಲಿ. ಇನ್ನೂ 35 ವರ್ಷ ಬದುಕುವ ಯೋಚನೆ ಇರುವವರು ಪೂರ್ತಿ ಎಫ್‌ಡಿಯಲ್ಲಿ ಕೂರೋದು ನಿಧಾನವಾಗಿ ಮುಳುಗುವ ದೋಣಿಯಲ್ಲಿ ಕೂತ ಹಾಗೆ ಅಂತ ನನ್ನ ಅಭಿಪ್ರಾಯ. ನಿಮ್ಮ ನಿದ್ದೆ ನಿಮ್ಮದು, ನೀವೇ ನೋಡಿಕೊಳ್ಳಿ.

ಪ್ರತಿ ಜನವರಿಯಲ್ಲಿ ನಮಗೆ ನಾವೇ ತುಟ್ಟಿಭತ್ಯೆ ಕೊಟ್ಟುಕೊಳ್ಳುತ್ತೇವೆ. ಅದೂ ‘ನಮ್ಮ ಕೈಲಿ’ ಭಾಗಕ್ಕೆ ಮೊದಲು. 33,000ವನ್ನು 36,000 ಮಾಡಿದ್ದೇವೆ. ಖರ್ಚು ಕಡಿಮೆ ಮಾಡೋದು ಹೇಗೆ ಅಂತ ಕೂತವರು ಖರ್ಚು ಏರಿಸಿಕೊಂಡೆವು ಅಂದರೆ ನಗಬೇಡಿ. ಕಷ್ಟ ಬಂದಾಗ ಕತ್ತರಿಸೋಕೆ ಏನಾದರೂ ಇರಬೇಕಲ್ಲ.

ಆದರೆ ದುಡ್ಡಿನ ಈ ಏರ್ಪಾಡುಗಳಿಗಿಂತ ಜಾಸ್ತಿ ಕೆಲಸಕ್ಕೆ ಬಂದಿದ್ದು ಬೇರೆ. ಒಂದು ಕಾಲಂನಿಂದ ಇನ್ನೊಂದಕ್ಕೆ ಖರ್ಚನ್ನು ದಾಟಿಸೋದು. ಏಳು ವರ್ಷ ನಾನು ಅಸೋಸಿಯೇಷನ್ ಮೀಟಿಂಗಿಗೆ ಹೋಗಿದ್ದವಳಲ್ಲ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಪ್ಲಾಸ್ಟಿಕ್ ಚೇರಿನಲ್ಲಿ ಕೂತು ನಾಯಿ ಗಲೀಜಿನ ಜಗಳ ಕೇಳೋಕೆ ಯಾರಿಗೆ ಬೇಕು? ಆದರೆ ನನ್ನ 43,000ದಲ್ಲಿ ದೊಡ್ಡ ಪಾಲು ತೀರ್ಮಾನ ಆಗುತ್ತಿದ್ದಿದ್ದು ಅದೇ ಚೇರುಗಳಲ್ಲಿ. 2025ರಲ್ಲಿ ಖಜಾಂಚಿ ಆಗುತ್ತೇನೆ ಅಂದೆ. ಬೇರೆ ಯಾರೂ ಕೈ ಎತ್ತಲಿಲ್ಲ, ಹಾಗಾಗಿ ಅವಿರೋಧ ಆಯ್ಕೆ. ಮೊದಲ ಕೆಲಸ, ಮನೆ ಮನೆಗೂ ಬೇರೆ ನೀರಿನ ಮೀಟರ್. ದೊಡ್ಡ ಗಲಾಟೆ ಆಯಿತು. ಮೂರನೇ ಮಹಡಿಯವರು ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಮೀಟರ್ ಬಂದ ಎರಡೇ ತಿಂಗಳಿಗೆ ಅಪಾರ್ಟ್‌ಮೆಂಟಿನ ನೀರು ಕಾಲು ಭಾಗಕ್ಕಿಂತ ಜಾಸ್ತಿ ಇಳಿಯಿತು. ಯಾರದ್ದೋ ಫ್ಲಶ್ ವರ್ಷದಿಂದ ಸೋರುತ್ತಿತ್ತಂತೆ. ಯಾರದ್ದು ಅಂತ ನಾನು ಹೇಳಲ್ಲ, ಖಜಾಂಚಿಗೆ ಎಲ್ಲ ಗೊತ್ತಿರುತ್ತೆ. ಚಾವಣಿ ನೀರನ್ನು ಬತ್ತಿದ ಬೋರ್‌ವೆಲ್ ಪಕ್ಕದ ಇಂಗುಗುಂಡಿಗೆ ಬಿಟ್ಟಿದ್ದೇವೆ. ಲಿಫ್ಟ್ ಮತ್ತು ಬಣ್ಣಕ್ಕೆ ಅಂತ ತಿಂಗಳಿಗೆ ಮನೆಗೆ 800 ಈಗಿನಿಂದಲೇ ಎತ್ತಿಡುತ್ತೇವೆ. ಮೆಟ್ಟಿಲಿಗೆ ಸ್ವಲ್ಪ ಮಣ್ಣು ಹಾಕಿ ಇಳಿಜಾರು ಮಾಡಿದ ಹಾಗೆ.

ನಮ್ಮೆಜಮಾನರು ವಾರಕ್ಕೆ ಮೂರು ಸಾಯಂಕಾಲ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾರೆ. ತಿಂಗಳಿಗೆ 9,000. ‘ಹಾಗಾದ್ರೆ ರಿಟೈರ್ ಆಗಿದ್ದು ಯಾಕೆ?’ ಅಂತ ಅವರ ತಮ್ಮ ರೇಗಿಸುತ್ತಾರೆ. ಪೀಣ್ಯಕ್ಕೆ ಹೋಗಬೇಕಿಲ್ಲವಲ್ಲ ಅನ್ನೋದು ಇವರ ಉತ್ತರ. ನನಗೆ ಆ 9,000ಕ್ಕಿಂತ ಮುಖ್ಯ ಅದರ ಗುಣ. ಬೆಲೆ ಏರಿದರೆ ಟ್ಯೂಷನ್ ಫೀಸೂ ಏರುತ್ತೆ. ನಮ್ಮ ಬಳಿ ಇರುವ ಒಂದೇ ನಿಜವಾದ ತುಟ್ಟಿಭತ್ಯೆ ಅದು.

ತಿಪಟೂರಿನಿಂದ ಅತ್ತೆಯ ತಮ್ಮ ವರ್ಷಕ್ಕೆರಡು ಮೂಟೆ ಕಾಯಿ ಬಸ್ಸಿಗೆ ಹಾಕಿ ಕಳಿಸುತ್ತಿದ್ದರು. 2025ರಲ್ಲಿ ಕೊಬ್ಬರಿ, ಕಾಯಿ ರೇಟು ಹಾರಿದಾಗ ಮೂಟೆ ಬರಲಿಲ್ಲ. ಫೋನ್ ಮಾಡಿದರೆ, ‘ಈ ಸಲ ಕಾಯಿ ಕಡಿಮೆ ಅಕ್ಕ’ ಅಂದರಂತೆ. ‘ಕಾಯಿ ಕಡಿಮೆ ಅಲ್ಲ, ರೇಟು ಜಾಸ್ತಿ’ ಅಂದರು ಅತ್ತೆ ಫೋನ್ ಇಟ್ಟು. ನನ್ನ ಪುಸ್ತಕದಲ್ಲಿ ತೆಂಗಿನಕಾಯಿ ಮುಂದೆ ‘ಸೋದರಮಾವನ ಕೈಲಿ’ ಅಂತಿದ್ದಿದ್ದನ್ನು ಹೊಡೆದುಹಾಕಿದೆ.

ಕಾಫಿ ವಿಷಯ ಬಗೆಹರಿದಿದ್ದು ನನ್ನಿಂದಲ್ಲ. ತುಟ್ಟಿಭತ್ಯೆ ಬಾಕಿ ಸೇರಿದ ತಿಂಗಳು ಅತ್ತೆ ಎಸ್‌ಎಂಎಸ್ ಓದಿದರು. ಈ ಸಲ ಮಗನಿಗೆ ಹೇಳಲಿಲ್ಲ. ಮಧ್ಯಾಹ್ನ ನನ್ನನ್ನು ಕರೆದು, ದಿಂಬಿನ ಕೆಳಗಿನ ಪರ್ಸಿನಿಂದ ಐನೂರರ ಎರಡು ನೋಟು ತೆಗೆದು ಕೈಗಿಟ್ಟರು.

‘ಎಂಬತ್ತು-ಇಪ್ಪತ್ತು ತಗೊಂಡು ಬಾ. ಲೆಕ್ಕದಲ್ಲಿ ಬರಿ, ನನ್ನ ಹೆಸರಲ್ಲಿ ಬರಿ.’

ಬ್ರೆಜಿಲ್ ಮಳೆ ಅನ್ನೋದನ್ನು ಹೊಡೆದು ಅದರ ಪಕ್ಕ ‘ಅತ್ತೆ’ ಅಂತ ಬರೆದಿದ್ದೇನೆ. ಅರ್ಧ ಕೆಜಿ ಬದಲು ಮುಕ್ಕಾಲು ಕೆಜಿ ತಂದೆ. ಚಿಲ್ಲರೆ ಎಷ್ಟು ಉಳಿಯಿತು ಅಂತ ಅವರು ಸಾಯಂಕಾಲವೇ ಕೇಳಿದರು.